ಮೂವತ್ತು ಬಲೂನುಗಳ ಸಾಂತ್ವನ

ನೊಂದವರಿಗೆ ಧೈರ್ಯ ತುಂಬುವುದು ನನಗೆ ನೀರು ಕುಡಿದಷ್ಟು ಸುಲಭ ಎಂದು ನಾನು ಬಹಳ ವರ್ಷಗಳಿಂದ ನಂಬಿದ್ದೆ. ಪರೀಕ್ಷಿಸುವ ಅವಕಾಶ ಮಾತ್ರ ಬಂದಿರಲಿಲ್ಲ.

ಅಂತರಸನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಆಡಳಿತಾಧಿಕಾರಿ. ತೆಂಗಿನಕಾಯಿ ಒಣಗಿಸಿ ಪುಡಿ ಮಾಡುವುದು ನಮ್ಮ ಉದ್ಯೋಗ. ಒಂದು ದಿನ ಬಾಯ್ಲರಿನ ಹಬೆಯ ಪೈಪು ಸಿಡಿಯಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಸಿದ್ದಲಿಂಗಪ್ಪನ ಬಲಗೈ ಮಾತ್ರ ಮೊಣಕೈವರೆಗೆ ಬೆಂದಿತು. ಪೈಪು ಬದಲಾಯಿಸಿದೆವು, ಗೋಡೆಗೆ ಸುಣ್ಣ ಹೊಡೆಸಿದೆವು. ಎಲ್ಲ ಮುಗಿಯಿತು ಎಂದುಕೊಂಡೆವು.

ಮುಗಿದಿರಲಿಲ್ಲ. ಜನ ಮಂಕಾದರು. ರಜೆ ಹೆಚ್ಚಾಯಿತು, ಸಣ್ಣ ಮಾತಿಗೂ ಜಗಳ. ಇಬ್ಬರು ಕೆಲಸ ಬಿಟ್ಟರು. ಯಡಿಯೂರು ಕಡೆಯ ಸಿದ್ದಲಿಂಗಪ್ಪ ಕೈ ವಾಸಿಯಾಗಿ ಬಂದರೂ ಬಾಯ್ಲರ್ ಹತ್ತಿರ ಸುಳಿಯದೆ ಮೂಟೆ ಹೊಲಿಯುತ್ತ ಕುಳಿತ. ಅವನಿಗೆ ಸಮನಾದ ಬಾಯ್ಲರ್ ಆಪರೇಟರ್ ನಮಗೆ ಸಿಗಲಿಲ್ಲ.

ಯಜಮಾನರು ನನ್ನನ್ನು ಎರಡು ದಿನದ ತರಬೇತಿಗೆ ಕಳಿಸಿದರು. ಆಘಾತಕ್ಕೊಳಗಾದ ಸಿಬ್ಬಂದಿಗೆ ಬೆಂಬಲ ಕೊಡುವುದು ಹೇಗೆ ಎಂಬುದು ವಿಷಯ. ಮನೆಗೆ ಬಂದು ಹೆಂಡತಿಗೆ ಗಂಭೀರವಾಗಿ ತಿಳಿಸಿದೆ.

"ಟ್ರಾಮಾ ಟ್ರೈನಿಂಗ್ ಮುಗೀತು ಕಣೇ."

"ಡ್ರಾಮಾನಾ? ನಾನು ಗುಬ್ಬಿಯೋಳು ಕಣ್ರೀ. ನಂಗೇ ಡ್ರಾಮಾ ಹೇಳಿಕೊಡ್ತೀರಾ?"

"ಟ್ರಾಮಾ! ಮನಸ್ಸಿಗಾದ ಗಾಯ. ಜನರ ಮಾತನ್ನ ಸಮಾಧಾನವಾಗಿ ಕೇಳಿಸ್ಕೋಬೇಕು."

"ಅದನ್ನ ಕಲಿಯೋಕೆ ಎರಡು ದಿನ ಸಾಕಾಯ್ತಾ ನಿಮಗೆ?" ಎಂದು ಕೇಳಿ ಒಳಗೆ ಹೋದಳು.

ಸಾಕಾಗಿರಲಿಲ್ಲ. ಎರಡನೆಯ ದಿನ ಬಿಸಿಬೇಳೆಬಾತ್ ಉಂಡ ಮೇಲೆ, ಏನೇನು ಮಾಡಬಾರದು ಎಂಬ ಪಾಠದ ಹೊತ್ತಿಗೆ ನನಗೆ ಸೊಗಸಾದ ನಿದ್ದೆ ಬಂದಿತ್ತು. ನೋಟ್‌ಬುಕ್ಕಿನ ಆ ಪುಟದಲ್ಲಿ ಪೆನ್ನು ಜಾರಿದ ಒಂದು ಉದ್ದ ಗೆರೆಯಷ್ಟೇ ಇದೆ.

ಶನಿವಾರ ಊಟವಾದ ಮೇಲೆ ಪ್ಯಾಕಿಂಗ್ ಹಾಲಿನಲ್ಲಿ ಮೂವತ್ತು ಜನರನ್ನು ಸುತ್ತಲೂ ಕೂರಿಸಿದೆ. "ಆತ್ಮೀಯ ಸಹೋದ್ಯೋಗಿಗಳೇ, ನಿಮ್ಮ ಅಂತರಂಗದ ಭಾರವನ್ನು ಇಲ್ಲಿ ಇಳಿಸಬಹುದು" ಎಂದು ಘೋಷಿಸಿದೆ. ಯಾರೂ ಏನೂ ಇಳಿಸಲಿಲ್ಲ.

"ಗೌರಮ್ಮ, ನಿಮ್ಮ ಮನಸ್ಸಲ್ಲಿ ಏನಿದೆ?"

ಕಾಯಿ ಹೆರೆಯುವ ವಿಭಾಗದ ಹಿರಿಯಾಕೆ ಗೌರಮ್ಮ ದಿನವೂ ಗುಬ್ಬಿಯಿಂದ ಬರುವವರು. "ಮೂರೂವರೆ ಬಸ್ಸು ಸಾರ್" ಎಂದರು.

ನಾನು ಎದೆಗುಂದಲಿಲ್ಲ. "ಸಿದ್ದಲಿಂಗಪ್ಪ, ನೀನೇ ಶುರು ಮಾಡು. ಆವತ್ತು ಏನಾಯ್ತು? ಒಂದೂ ಬಿಡದ ಹಾಗೆ ಎಲ್ರಿಗೂ ಹೇಳು!"

ಅವನು ಅಂಗಿಯ ತೋಳಿನ ಗುಂಡಿ ಹಾಕಿಕೊಂಡು ಎದ್ದು ಹೋಗಿ ಬಾಗಿಲ ಬಳಿ ನಿಂತ. ಅಷ್ಟಕ್ಕಾದರೂ ನಾನು ನಿಲ್ಲಿಸಬಹುದಿತ್ತು. ಆದರೆ ನನ್ನ ಚೀಲದಲ್ಲಿ ಬಲೂನುಗಳಿದ್ದವು!

ಇದು ತರಬೇತಿಯಲ್ಲಿ ಹೇಳಿಕೊಟ್ಟದ್ದಲ್ಲ, ನನ್ನ ಸ್ವಂತ ಸಂಶೋಧನೆ. ಬಲೂನು ಊದಿ, ಮೇಲೆ ನಿಮ್ಮ ಚಿಂತೆ ಬರೆಯಿರಿ, ನಾನು ಮೂರು ಎಂದಾಗ ಒಡೆಯಿರಿ, ಚಿಂತೆ ಮಾಯ! ಜನ ಬೇಡವೆನ್ನಲಾರದೆ ಊದಿದರು. ಹಬೆಯ ಪೈಪು ಸಿಡಿದ ಕಾರ್ಖಾನೆಯಲ್ಲಿ ನಾನು ಗಂಟಲೆತ್ತಿ ಎಣಿಸಿದೆ.

"ಒಂದು, ಎರಡು, ಮೂರು!"

ಢಂ ಢಮಾರ್!

ಮುಂದಿನ ಕೆಲವು ಕ್ಷಣಗಳ ವಿವರ ನನ್ನಲ್ಲಿಲ್ಲ. ಕಣ್ಣು ಬಿಟ್ಟಾಗ ನಾನು ಹಾಲಿನಲ್ಲಿರಲಿಲ್ಲ. ಗೇಟಿನ ಆಚೆ, ಚಿಪ್ಪಿನ ರಾಶಿಯ ಮೇಲಿದ್ದೆ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿಂದೆಯೇ ಮೂವತ್ತು ಜನ ಏದುಸಿರು ಬಿಡುತ್ತ ಬಂದರು.

"ಸಾರ್ ಎಲ್ರಿಗಿಂತ ಮುಂದೆ ಬಂದವ್ರೆ!" ಎಂದ ವಾಚ್‌ಮನ್. ಅವನ ದನಿಯಲ್ಲಿ ಗೌರವವಿತ್ತು.

ಚಪ್ಪಲಿ ತರಲು ಒಳಗೆ ಹೋಗುವ ಧೈರ್ಯ ನನಗೆ ಬರಲಿಲ್ಲ. ಗೌರಮ್ಮ ಪಕ್ಕದಲ್ಲಿ ಕೂತು ನೀರಿನ ಬಾಟಲಿ ಹಿಡಿದರು.

"ನಿಧಾನಕ್ಕೆ ಉಸಿರು ಬುಡಿ ಸಾರ್. ಆವತ್ತು ನೀವೂ ಒಳಗೇ ಇದ್ರಲ್ವಾ?"

ಇದ್ದೆ. ಅಪಘಾತದ ವರದಿ ಬರೆದವನೂ ನಾನೇ. 'ಸ್ಥಳದಲ್ಲಿ ಹಾಜರಿದ್ದ ಸಿಬ್ಬಂದಿ' ಎಂದು ಬರೆದು, ಆ ಸಿಬ್ಬಂದಿಯಲ್ಲಿ ನಾನೂ ಒಬ್ಬ ಎಂಬುದನ್ನು ಮರೆತಿದ್ದೆ. "ಇದ್ದೆ ಗೌರಮ್ಮ" ಎಂದೆ.

ಸಿದ್ದಲಿಂಗಪ್ಪ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. ಚಿಪ್ಪು ತರಚಿ ರಕ್ತ ಬಂದ ನನ್ನ ಕಾಲು ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ ತನ್ನ ಕೈ ತೋರಿಸಿದ. ಆ ಗಾಯದ ಗುರುತನ್ನು ನಾವ್ಯಾರೂ ಅದುವರೆಗೆ ಸರಿಯಾಗಿ ನೋಡಿರಲಿಲ್ಲ.

"ಸುಟ್ಟಿದ್ದಕ್ಕೆ ಬೇಜಾರಿಲ್ಲ ಸಾರ್" ಎಂದ. "ಮಾರನೇ ದಿನ ಎಂಟಕ್ಕೆ ಸರ್ಯಾಗಿ ಬೆಲ್ ಹೊಡೆಸಿದ್ರಂತೆ, ಏನೂ ಆಗೇ ಇಲ್ಲ ಅನ್ನೋ ಹಂಗೆ. ಆಸ್ಪತ್ರೇಲಿ ಕೇಳ್ದಾಗ ಅದೇ ಉರೀತು."

ಬೆಲ್ ಹೊಡೆಸಿದವನು ನಾನು. "ತಪ್ಪಾಯ್ತು ಕಣಪ್ಪ" ಎಂದೆ. ಅಷ್ಟೇ ಹೊಳೆಯಿತು.

ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಹಬೆಯ ಸದ್ದಿಗೆ ಇವತ್ತಿಗೂ ಬೆಚ್ಚುತ್ತೇನೆ ಎಂದಳು ಒಬ್ಬಳು. ಮನೆಯಲ್ಲಿ ಕುಕ್ಕರ್ ಇಡುವುದನ್ನೇ ಬಿಟ್ಟಿದ್ದೇನೆ ಎಂದಳು ಇನ್ನೊಬ್ಬಳು. ನಡುನಡುವೆ ನನ್ನ ಓಟದ ವರ್ಣನೆಯೂ ಬಂತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಸ್ಸು ಹೋದದ್ದು ಗೌರಮ್ಮನಿಗೂ ತಿಳಿಯಲಿಲ್ಲ.

ಸೋಮವಾರ ಕೆಲಸಗಾರರೇ ಯಜಮಾನರ ಬಳಿ ಹೋಗಿ ಕೇಳಿದರು: ಬಾಯ್ಲರ್ ಹತ್ತಿರ ಯಾವಾಗಲೂ ಇಬ್ಬರಿರಬೇಕು, ಬೆಳಿಗ್ಗೆ ಕೆಲಸಕ್ಕೆ ಮುಂಚೆ ಹತ್ತು ನಿಮಿಷ ಒಟ್ಟಿಗೆ ಕೂತು ಮಾತಾಡಬೇಕು. ಯಜಮಾನರು ಒಪ್ಪಿದರು. ಎರಡು ವಾರವಾದ ಮೇಲೆ ಸಿದ್ದಲಿಂಗಪ್ಪ, ಜೊತೆಗೊಬ್ಬನನ್ನು ಕರೆದುಕೊಂಡು, ಬಾಯ್ಲರ್ ಬಳಿ ಹೋದ. ಮೊದಲ ದಿನ ಅರ್ಧ ಗಂಟೆ, ಆಮೇಲೆ ಪೂರ್ತಿ ಪಾಳಿ.

ಬೆಳಗಿನ ಸಭೆ ನಡೆಸಲು ಸರ್ವಾನುಮತದಿಂದ ಗೌರಮ್ಮನ ಆಯ್ಕೆಯಾಯಿತು. ಪ್ರಮಾಣಪತ್ರ ಪಡೆದ ನನ್ನ ಹೆಸರನ್ನು ಒಬ್ಬರೂ ಎತ್ತಲಿಲ್ಲ!

"ಹಾಗಾದ್ರೆ ನಾನೇನು ಮಾಡ್ಲಿ?" ಎಂದು ಕೇಳಿದೆ.

"ನೀವೂ ಬಂದು ನಮ್ ಜೊತೆ ಕೂತ್ಕೊಳ್ಳಿ ಸಾರ್" ಎಂದರು ಗೌರಮ್ಮ. "ಮಾತಾಡೋಕೆ ಮಾತ್ರ ಹೋಗ್ಬೇಡಿ."

ಈಗ ದಿನವೂ ಹತ್ತು ನಿಮಿಷ ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಜನರಲ್ಲಿ ಉತ್ಸಾಹ ಮರಳಿದೆ ಎಂದು ಯಜಮಾನರು ಹೊಗಳಿದ್ದಾರೆ. ನನ್ನ ಆ ಹತ್ತು ನಿಮಿಷದ ಮೌನವನ್ನು ಇಡೀ ದಿನಕ್ಕೆ ವಿಸ್ತರಿಸಲು ಸಾಧ್ಯವೇ ಎಂದು ಸಿಬ್ಬಂದಿ ವಿಚಾರಿಸುತ್ತಿದ್ದಾರೆ!