ಚಿಕ್ಕಪ್ಪನ ಇಟಲಿ ಹಲಗೆ

ನಮ್ಮ ಚಿಕ್ಕಪ್ಪನವರನ್ನು ಊಟಕ್ಕೆ ಕರೆಯುವ ಮುಂಚೆ ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ಇಳಿಸಿ ಮಂಚದ ಕೆಳಗೆ ತಳ್ಳಿಬಿಡುವುದು ಕ್ಷೇಮ. ಇಲ್ಲದಿದ್ದರೆ ಎಲೆಯ ಮೇಲಿನ ಅನ್ನ ಆರುತ್ತಿರುತ್ತದೆ, ಅವರು ಕುರ್ಚಿ ಹತ್ತಿ ಚಿತ್ರಕ್ಕೆ ಟಾರ್ಚು ಬಿಡುತ್ತಿರುತ್ತಾರೆ. ಒಮ್ಮೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದ ಸೂರ್ಯಾಸ್ತದ ಚಿತ್ರವನ್ನು ತಿರುಗಿಸಿ ನೋಡಿ, ಬೆನ್ನಿಗೆ ಬಾರ್‌ಕೋಡು ಅಂಟಿಸಿದ್ದು ಕಂಡು, ಹಲ್ಲು ಕೀಳಿಸಿಕೊಂಡವರಿಗಿಂತ ಹೆಚ್ಚು ನೊಂದುಕೊಂಡರು!

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಜೀವಮಾನವಿಡೀ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು, ರಿಟೈರಾಗಿ ಲಿವರ್‌ಮೋರ್‌ನಲ್ಲಿ ನೆಲೆಸಿದವರು. ಬೇರೆಯವರು ರಿಟೈರಾದರೆ ಟೊಮೇಟೊ ಬೆಳೆಯುತ್ತಾರೆ. ಇವರು ಕಳೆದುಹೋದ ರಿನೈಸಾನ್ಸ್ ಚಿತ್ರಗಳನ್ನು ಹುಡುಕಲು ಹೊರಟರು. ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಬರೆದ ಎಷ್ಟೋ ಚಿತ್ರಗಳು ಈಗ ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲವಂತೆ. ಕೆಲವುಗಳ ಮೇಲೆ ಯಾರೋ ಬೇರೆ ಚಿತ್ರ ಬರೆದುಬಿಟ್ಟಿದ್ದಾರಂತೆ.

“ಅಂಥದ್ದು ಯಾರದೋ ಗ್ಯಾರೇಜಲ್ಲಿ ಬಿದ್ದಿರತ್ತೆ ಕಣೇ. ನಮ್ಮ ಕಡೆ ಗ್ಯಾರೇಜೇ ಯಾಕಾಗಬಾರದು?” ಎನ್ನುತ್ತಾರೆ. ಯಾಕಾಗಬಾರದು ಎಂದು ಕೇಳಿದರೆ ಏನು ಹೇಳುವುದು ಹೇಳಿ?

ಅವರ ಹತ್ತಿರ ಎರಡು ಆಯುಧಗಳಿವೆ. ಒಂದು, ತಾವೇ ಬಿಚ್ಚಿ ಜೋಡಿಸಿದ ಇನ್‌ಫ್ರಾರೆಡ್ ಕ್ಯಾಮೆರಾ. ಬಣ್ಣದ ಅಡಿಯಲ್ಲಿ ಇದ್ದಿಲಿನ ಗೆರೆಯಿದ್ದರೆ ಅದಕ್ಕೆ ಕಾಣುತ್ತದೆ. ಇನ್ನೊಂದು, ಬಣ್ಣದಲ್ಲಿ ಯಾವ ಲೋಹವಿದೆಯೆಂದು ಹೇಳುವ ಎಕ್ಸ್‌ರೇ ಯಂತ್ರ, ಹಳೆಯ ಸಹೋದ್ಯೋಗಿಯಿಂದ ಎರವಲು ತಂದದ್ದು. ಅದರ ಆಕಾರ ಥೇಟ್ ಪಿಸ್ತೂಲು. ಈ ದೇಶದಲ್ಲಿ ಅಂಥ ವಸ್ತುವನ್ನು ಅಪರಿಚಿತರ ಮನೆಯಲ್ಲಿ ಚೀಲದಿಂದ ತೆಗೆಯಬಹುದೇ? ನಾನು ಮೊದಲೇ ಪುಕ್ಕಲು. ವಾಲ್ನಟ್ ಕ್ರೀಕ್‌ನ ಒಂದು ಮನೆಯಲ್ಲಿ ಹಳೆಯ ಸಾಮಾನು ಮಾರುತ್ತಿದ್ದರು. ಚಿಕ್ಕಪ್ಪ ಆ ಯಂತ್ರ ತೆಗೆದು ಅಲ್ಲಿದ್ದ ಚಿತ್ರವೊಂದಕ್ಕೆ ಗುರಿ ಹಿಡಿದೇಬಿಟ್ಟರು. ಕಾಫಿ ಹಿಡಿದಿದ್ದ ಮನೆಯೊಡತಿ ಕಲ್ಲಾಗಿ ನಿಂತಳು.

“ಡೋಂಟ್ ವರಿ, ಇಟ್ಸ್ ಓನ್ಲಿ ಎಕ್ಸ್‌ರೇ” ಎಂದು ಇವರು ಸಮಾಧಾನ ಹೇಳಿದರು. ಆಕೆ ಇನ್ನೂ ಎರಡು ಹೆಜ್ಜೆ ಹಿಂದೆ ಸರಿದಳು. ಪೊಲೀಸರು ಬರುವ ಮುಂಚೆ ಹೊರಡೋಣವೆಂದು ನಾನು ಆಕೆ ಕೇಳಿದಷ್ಟು ಕೊಟ್ಟು ಆ ಚಿತ್ರವನ್ನು ಕಾರಿಗೆ ಹಾಕಿದೆ.

ಊಟದ ಮಣೆಯಷ್ಟು ದೊಡ್ಡ ಮರದ ಹಲಗೆ. ಅದರ ಮೇಲೆ ಒಬ್ಬ ತಾಯಿ, ತೊಡೆಯ ಮೇಲೊಂದು ಗುಂಡುಗುಂಡಾದ ಮಗು. ಚಿಕ್ಕಮ್ಮ ನೋಡಿದವರೇ “ಅಯ್ಯೋ, ಯಶೋದೆ ಕೃಷ್ಣ ಥರಾನೇ ಇದಾರಲ್ರೀ” ಎಂದರು. ಮರುದಿನವೇ ಚಿತ್ರ ದೇವರ ಗೂಡಿನ ಮೇಲಿನ ಮೊಳೆಗೆ ಏರಿತು. ಎರಡು ಹೊತ್ತೂ ದೀಪ.

ಇಲ್ಲೊಂದು ವಿಷಯ ಹೇಳಬೇಕು. ಚಿಕ್ಕಮ್ಮನಿಗೆ ಒಂದು ಮಗು ಹುಟ್ಟಿತ್ತು. ಒಂಬತ್ತು ದಿನ ಇತ್ತು. ಮೂವತ್ತು ವರ್ಷದ ಮೇಲಾಯಿತು, ಆ ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ಒಂದು ದಿನ ಚಿಕ್ಕಮ್ಮ ಸೆರಗಿನ ತುದಿಯಿಂದ ಚಿತ್ರದ ಮಗುವಿನ ಕೆನ್ನೆ ಒರೆಸುತ್ತಿದ್ದುದನ್ನು ಕಂಡೆ. ಅಂದಿನಿಂದ ನನಗೆ ಹೆದರಿಕೆ ಶುರುವಾಯಿತು. ಇದರ ಅಡಿಯಲ್ಲಿ ಏನಾದರೂ ಸಿಕ್ಕಿದರೆ ಈ ಮನುಷ್ಯ ಮೇಲಿನದನ್ನು ಕೆರೆಸದೆ ಬಿಡುವವರಲ್ಲ. ಫೋನು ಸದ್ದಾದರೆ ಚಿಕ್ಕಪ್ಪನದಲ್ಲವೆಂದು ನೋಡಿಕೊಂಡೇ ಎತ್ತತೊಡಗಿದೆ.

ಸದ್ದಾಗಿಯೂ ಆಯಿತು. “ಹಣೇಲಿ ಸೀಸ ಸಿಕ್ತು ಕಣೇ, ಸೀಸ! ಆ ಕಾಲದ ಕೆಂಪು ಬಣ್ಣದಲ್ಲಿ ಇರತ್ತೆ. ಬೇಗ ಬಾ.”

ಫ್ರೀವೇ ತುಂಬ ದೇವರನ್ನು ನೆನೆಯುತ್ತಾ ಓಡಿದೆ. ನಾನು ಹೋಗುವ ಹೊತ್ತಿಗೆ ಗಂಡ ಹೆಂಡತಿ ಜಟಾಪಟಿಗೆ ಇಳಿದಿದ್ದರು.

“ಹಣೆಗೆ ನಾನೇ ಇಟ್ಟಿದ್ದು ರೀ. ಊರಿಂದ ಅಕ್ಕ ಕಳಿಸಿದ ಆಂಜನೇಯನ ಸಿಂಧೂರ.”

“ಇಟಲಿಯವಳಿಗೆ ಸಿಂಧೂರ ಇಡ್ತಾರೇನೇ?”

“ಮತ್ತೆ? ಬೋಳು ಹಣೇಲಿ ದೇವರ ಮನೇಲಿ ಇಟ್ಕೊಳಕ್ಕಾಗತ್ತಾ?”

ಸೀಸ ಬಂದದ್ದು ಆಂಜನೇಯನ ಕೃಪೆಯಿಂದ! ಚಿಕ್ಕಪ್ಪ ಎರಡು ದಿನ ಮಾತು ಬಿಟ್ಟರು. ನಾನಂತೂ ಸದ್ಯ ಬದುಕಿದೆ ಎಂದುಕೊಂಡೆ.

ಬದುಕಿದ್ದು ಎರಡೇ ವಾರ. “ಬಾ. ಚಿಕ್ಕಮ್ಮಂಗೆ ಹೇಳಬೇಡ” ಎಂದು ಮತ್ತೆ ಫೋನು ಬಂತು. ಈ ಸಲ ದನಿ ತಗ್ಗಿತ್ತು. ಗ್ಯಾರೇಜಿನಲ್ಲಿ ಲ್ಯಾಪ್‌ಟಾಪು ತೆರೆದು ಇನ್‌ಫ್ರಾರೆಡ್ ಫೋಟೋ ತೋರಿಸಿದರು. ಅದೇ ಹೆಂಗಸು. ಗೆರೆಗಳು ಮಾತ್ರ ಬೇರೆ, ಬಹಳ ನಯವಾದವು. ಮುಖ ಬಗ್ಗಿಸಿ ಕೂತಿದ್ದಾಳೆ, ಕೈಗಳೆರಡೂ ತೊಡೆಯ ಮೇಲೆ ಸುಮ್ಮನೆ ಬಿದ್ದಿವೆ. ಮಗು ಇಲ್ಲ. ಅದನ್ನು ಯಾರೋ ಆಮೇಲೆ ಬರೆದು ಸೇರಿಸಿದ್ದರು.

“ಸಿಟೀಲಿ ಹಳೇ ಚಿತ್ರ ರಿಪೇರಿ ಮಾಡೋವ್ರಿಗೆ ಈ ಫೋಟೋ ಕಳಿಸಿದ್ದೆ. ಕೆಳಗಿನ ಚಿತ್ರ ನಿಜವಾಗ್ಲೂ ಆ ಕಾಲದ್ದೇ ಇರಬಹುದು ಅಂದ್ರು. ಮೇಲಿನ ಬಣ್ಣ ತೆಗೆದ್ರೆ ಗೊತ್ತಾಗತ್ತಂತೆ.”

“ಮೇಲಿನ ಬಣ್ಣ ಅಂದ್ರೆ?”

“ಮಗು” ಎಂದು ಲ್ಯಾಪ್‌ಟಾಪು ಮುಚ್ಚಿದರು.

ಶನಿವಾರ ಬೆಳಿಗ್ಗೆಗೆ ಅಪಾಯಿಂಟ್‌ಮೆಂಟು. ಡ್ರೈವರು ನಾನೇ. ಚಿಕ್ಕಮ್ಮನಿಗೆ ಫೋಟೋ ತೆಗೆಸಲು ಎಂದಷ್ಟೇ ಹೇಳಿದ್ದರು. ಚಿಕ್ಕಮ್ಮನಿಗೆ ಹೇಳಿಬಿಡಲೇ ಎಂದು ನಾಲ್ಕು ಸಲ ಬಾಯಿ ತೆರೆದೆ, ನಾಲ್ಕು ಸಲವೂ ಹವಾಮಾನದ ಮಾತಾಡಿದೆ. ಇಷ್ಟು ವರ್ಷ ಹುಡುಕಿದವರ ಕೈಗೆ ಕೊನೆಗೂ ಸಿಕ್ಕಿದ್ದನ್ನು ನಾನು ತಪ್ಪಿಸುವುದು ಹೇಗೆ? ಅವರೂ ನನ್ನ ಚಿಕ್ಕಪ್ಪನೇ ಅಲ್ಲವೇ? ಇಬ್ಬರ ಮೇಲೂ ಪ್ರೀತಿಯಿರುವುದು ಎಂಥ ಪೀಕಲಾಟ ಎಂದು ಅಂದು ಗೊತ್ತಾಯಿತು.

ಚಿಕ್ಕಮ್ಮ ಹಲಗೆಯನ್ನು ತಮ್ಮ ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ತಂದರು. ಚಿಕ್ಕಪ್ಪ ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟುತ್ತಿದ್ದರು.

“ಬರೀ ಫೋಟೋ ತೆಗೀತಾರೆ ತಾನೆ? ಅವರು ಮುಟ್ಟಲ್ಲ ಅಲ್ವಾ?”

ಚಿಕ್ಕಪ್ಪ ಇನ್ನೊಂದು ಲೇಸಿಗೆ ಕೈ ಹಾಕಿದರು.

“ಅಲ್ರೀ, ನಿಮ್ಮ ಕ್ಯಾಮೆರಾಗೆ ಕೆಳಗಡೆ ಏನಾದ್ರೂ ಕಾಣಿಸ್ತಾ?”

ನಾನು ಕಾರಿನ ಕೀಲಿಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ. ಚಿಕ್ಕಪ್ಪ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಅವರು ಯಾವುದನ್ನಾದರೂ ಯಂತ್ರವಿಲ್ಲದೆ ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

“ಏನಿಲ್ಲ ಕಣೆ. ಬರೀ ಮರ.”

ಹಾಗೆಂದವರು ಕಟ್ಟಿದ್ದ ಲೇಸನ್ನು ಬಿಚ್ಚಿದರು. ಎದ್ದು ಹೆಂಡತಿಯ ಕೈಯಿಂದ ಹಲಗೆ ತೆಗೆದುಕೊಂಡರು, ಸೀರೆ ಬಿಡಿಸಿ ದೇವರ ಗೂಡಿನ ಹತ್ತಿರ ಒಯ್ದರು. ನನಗೆ ಅಳು ಬಂತು, ತಡೆಯಲಿಲ್ಲ. ಗ್ಯಾರೇಜಿಗೆ ಹೋದವರು ಸುತ್ತಿಗೆ ಹಿಡಿದು ವಾಪಸು ಬಂದರು.

“ಮೊಳೆ ಸ್ವಲ್ಪ ಮೇಲಕ್ಕೆ ಹೊಡೀಲಾ? ದೀಪದ ಹೊಗೆ ಮಗು ಮುಖಕ್ಕೆ ತಾಗತ್ತೆ” ಎಂದರು.