ಪ್ರಾಮಾಣಿಕತೆಗೆ ಹತ್ತು ಅಂಕ

ನನಗೆ ಕಂಡವರ ದನಿ ಕದಿಯುವ ಚಟವಿದೆ. ಬಸ್ ಕಂಡಕ್ಟರನಿಂದ ಹಿಡಿದು ನಮ್ಮಪ್ಪನವರೆಗೆ ಯಾರನ್ನೂ ಬಿಟ್ಟವನಲ್ಲ. ಕನ್ನಡಿ ಸಿಕ್ಕರೆ ನನ್ನನ್ನೂ ಬಿಡುವುದಿಲ್ಲ. ಕೋಲಾರದಲ್ಲಿ ಬಿಸಿಎ ಓದುವ ನಮಗೆ ‘ಕಂಪ್ಯೂಟರ್ ವಿದ್ಯಾರ್ಥಿಗಳ ಇಂಗ್ಲಿಷ್’ ಎಂಬ ಪಾಠವುಂಟು. ಹೆಸರಿಗೆ ಇಂಗ್ಲಿಷ್, ಒಳಗೆಲ್ಲ ನೀತಿ. “ಪ್ರೋಗ್ರಾಂನಲ್ಲಿ ತಪ್ಪಿದ್ರೆ ಕಂಪ್ಯೂಟರೇ ಹೇಳುತ್ತೆ ಮಕ್ಳೇ, ನಿಮ್ಮಲ್ಲಿ ತಪ್ಪಿದ್ರೆ ನೀವೇ ಹೇಳ್ಬೇಕು” ಎಂದು ಮೇಡಂ ಕನ್ನಡಕ ಹಣೆಗೇರಿಸಿ ಹೇಳುವುದನ್ನು ಕಾರಿಡಾರಿನಲ್ಲಿ ನಾನು ಅವರಿಗಿಂತ ಚೆನ್ನಾಗಿ ಹೇಳುತ್ತಿದ್ದೆ.

ಒಮ್ಮೆ ಅವರು, ನೀವು ಮಾಡಿದ ತಪ್ಪೊಂದನ್ನು ಒಪ್ಪಿಕೊಂಡು ಇಂಗ್ಲಿಷಿನಲ್ಲಿ ಇಮೇಲ್ ಬರೆಯಿರಿ, ಹತ್ತು ಇಂಟರ್ನಲ್ ಅಂಕ ಎಂದರು. ಕ್ಯಾಲನೂರಿನ ಮಂಜ, ಡೈರಿಗೆ ಹಾಕುವ ಹಾಲಿಗೆ ನೀರು ಬೆರೆಸಿದ್ದನ್ನು ಬರೆದು ನಮ್ಮ ವಾಟ್ಸಾಪ್ ಗುಂಪಿಗೂ ಹಾಕಿದ. ಸಂಜೆಯೊಳಗೆ ಇಡೀ ತರಗತಿ ಹಾಲಿಗೆ ನೀರು ಬೆರೆಸಿತ್ತು. ಮುಳಬಾಗಿಲಿನ ನವೀದ್ ಕೂಡ. ಅವರಪ್ಪ ಟೈಲರ್, ಮನೆಯಲ್ಲಿ ಒಂದು ಮೇಕೆಯೂ ಇಲ್ಲ.

“ಏನ್ಲಾ, ಹಸು ಎಲ್ಲಿಂದ ತಂದೆ?” ಅಂದೆ.

“ಊರ್ಕೋರಾ, ಸುಮ್ನಿರು! ನೀನೂ ಒಂದು ಚೊಂಬು ನೀರು ಹಾಕು. ಇಂಟರ್ನಲ್ಸ್ ಹೋದ್ರೆ ಪರೀಕ್ಷೆಗೇ ಕೂರ್ಸಲ್ಲ ಕಣೋ.”

ಆ ಹತ್ತು ಅಂಕ ನನಗೂ ಬೇಕೇಬೇಕಿತ್ತು. ಮೊದಲ ಟೆಸ್ಟಿನಲ್ಲಿ ನಾನು ತೆಗೆದದ್ದನ್ನು ಯಾರ ದನಿಯಲ್ಲೂ ಹೇಳಲಾರೆ. ಆದರೂ ಹಠ ಬಂತು. ದನಿ ಕದಿಯುತ್ತೇನೆ, ನಿಜ; ಪಾಪವನ್ನೂ ಕದಿಯಬೇಕೆ? ಸ್ವಂತದ್ದೇ ಬೇಕಾದಷ್ಟಿದೆ. ಬರೆದೇಬಿಟ್ಟೆ: ‘ಮೇಡಂ, ಕಾರಿಡಾರಿನಲ್ಲಿ ನಿಮ್ಮನ್ನು ಅಣಕಿಸುವವನು ನಾನೇ. ಪಶ್ಚಾತ್ತಾಪವಿಲ್ಲ, ಇದೆ ಎಂದರೆ ಅದು ಇನ್ನೊಂದು ತಪ್ಪಾಗುತ್ತದೆ.’

ಮರುದಿನ ಮೇಡಂ ಬಂದವರೇ, “ಇಷ್ಟು ಹಾಲಿಗೆ ನೀರು ಹಾಕಿದ್ಮೇಲೆ ನಮ್ಮನೆ ಕಾಫಿ ಹೆಂಗಿರುತ್ತೆ?” ಎಂದರು. ಆಮೇಲೆ ನನ್ನತ್ತ ತಿರುಗಿ, “ಬಾರಪ್ಪ ಮುಂದೆ, ಮಾಡಿ ತೋರ್ಸು.” ಹೆದರಿದೆನೆಂದರೆ ಸುಳ್ಳಲ್ಲ. ಆದರೂ ಮಾಡಿದೆ, ಇಲ್ಲದ ಕನ್ನಡಕವನ್ನು ಹಣೆಗೇರಿಸಿ. ಒಬ್ಬನೂ ನಗಲಿಲ್ಲ.

“ಈಗ ನಾನು” ಎಂದ ಮೇಡಂ, ಭುಜ ಇಳಿಬಿಟ್ಟು, ತಲೆ ಕೆರೆದುಕೊಂಡು ಶುರುಮಾಡಿದರು: “ಮೇಡಂ… ಸುಗಟೂರು ಬಸ್ಸೇ ಬರ್ಲಿಲ್ಲ ಮೇಡಂ… ಅಮ್ಮನಾಣೆ ಮೇಡಂ…” ಥೇಟು ನಾನೇ, ಊರಿಂದ ತಡವಾಗಿ ಬಂದಾಗಲೆಲ್ಲ ಹೇಳುವ ಹಾಗೆ! ನವೀದ್ ನಕ್ಕು ಬೆಂಚಿನಿಂದ ಕೆಳಗೆ ಜಾರಿದ.

ನನಗೆ ಹತ್ತಕ್ಕೆ ಹತ್ತು ಬಂತು. ಉಳಿದವರಿಗೆ, ಸ್ವಂತ ತಪ್ಪು ಹುಡುಕಿಕೊಂಡು ಬನ್ನಿ ಎಂದರು. ನೀತಿ ಇಮೇಲಿನಿಂದ ಬರುವುದಿಲ್ಲ ಎಂದು ನಾನು ಇವತ್ತಿಗೂ ವಾದಿಸುತ್ತೇನೆ, ಅಣಕವನ್ನೂ ಬಿಟ್ಟಿಲ್ಲ. ತೊಂದರೆ ಒಂದೇ. ಮೊನ್ನೆ ಸುಗಟೂರು ಬಸ್ಸು ನಿಜವಾಗಿಯೂ ಬರಲಿಲ್ಲ. ಬಾಗಿಲಲ್ಲಿ ನಿಂತು ಪ್ರಾಮಾಣಿಕವಾಗಿ ಬಾಯಿ ತೆರೆದೆ. ತರಗತಿಯೆಲ್ಲ ಗೊಳ್ಳೆಂದಿತು: “ಲೇ, ಮೇಡಂ ಇನ್ನೂ ಚೆನ್ನಾಗಿ ಮಾಡ್ತಾರೆ ಕಣೋ!”