ಅತ್ತೆಗೆ ಬಂಗಲೆ, ನನಗೆ ಬೆಂಚು

ಎಲ್ಲಿಗಾದರೂ ಹೊರಟರೆ ಕೆಲವರು ಅಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳುತ್ತಾರೆ, ಕೆಲವರು ಊಟಕ್ಕೆ ಏನು ಎಂದು ಕೇಳುತ್ತಾರೆ. ನಾನು ಕೇಳುವುದು ಒಂದೇ, ಮಲಗುವುದು ಎಲ್ಲಿ? ಮದುವೆ ಮನೆಗೆ ಹೋದರೂ ಅಷ್ಟೇ. ಹುಡುಗಿಯ ಸೀರೆಗಿಂತ ಮೊದಲು ನನ್ನ ಕಣ್ಣು ಹೋಗುವುದು ಮೂಲೆಯಲ್ಲಿ ಪೇರಿಸಿಟ್ಟ ಹಾಸಿಗೆಗಳ ಕಡೆಗೆ. ಯಾವ ದಿಂಬು ಮೆತ್ತಗಿದೆ ಎಂದು ದೂರದಿಂದಲೇ ಗುರುತಿಸಿ, ಎಲೆಯ ಮುಂದೆ ಕೂರುವ ಮುಂಚೆ ಅದರ ಮೇಲೆ ನನ್ನ ಕೈಚೀಲ ಇಟ್ಟು ಬರುತ್ತೇನೆ. ಇದನ್ನು ಕಂಡವರು ‘ವತ್ಸಲಾ ಬಹಳ ಸುಖವಾಗಿ ಬೆಳೆದವಳು’ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಶಿವಮೊಗ್ಗದ ನಮ್ಮ ಮನೆಯಲ್ಲಿ ಒಂದು ಜಮಖಾನದ ಮೇಲೆ ಐದು ಜನ ಮಕ್ಕಳು ಅಡ್ಡಡ್ಡ ಮಲಗುತ್ತಿದ್ದೆವು, ತುದಿಯ ಜಾಗ ನನ್ನದು. ಬೆಳಗಾಗುವಾಗ ನಾನು ಜಮಖಾನದ ಮೇಲೆ ಇದ್ದದ್ದು ನನಗೆ ನೆನಪಿಲ್ಲ.

ಈಗ ಹೇಳಹೊರಟಿರುವುದು ಅರವತ್ತರ ದಶಕದ ಮಾತು. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು, ಸಾಗರದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ತೀರ್ಥಹಳ್ಳಿಯಲ್ಲಿ ಶಿಕ್ಷಕರ ಸಮ್ಮೇಳನ ನಡೆಯುವುದಿತ್ತು. ಅದರಲ್ಲಿ ಬರೀ ಭಾಷಣವಾದರೆ ಜನ ಎದ್ದುಹೋಗುತ್ತಾರೆ ಎಂದು ಯಾರಿಗೋ ಹೊಳೆದು, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಟೀಚರುಗಳು ಸೇರಿ ಕೋಲಾಟದ ನೃತ್ಯವೊಂದನ್ನು ಮಾಡಬೇಕು ಎಂದು ತೀರ್ಮಾನವಾಯಿತು. ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ಟರು ಬಂದು, ‘ಕಾಲು ಎತ್ತಬಲ್ಲವರು ಕೈ ಎತ್ತಿ’ ಅಂದರು. ನಾನು ಕೈ ಎತ್ತಿದೆ. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಒಬ್ಬರ ಮನೆಯಲ್ಲಿ ಆರು ತಿಂಗಳು ನೃತ್ಯ ಕಲಿತಿದ್ದೆ, ಆಮೇಲೆ ಅಪ್ಪ ಬಿಡಿಸಿದ್ದರು. ಆ ಆಸೆ ಎಲ್ಲೋ ಒಳಗೆ ಮಡಿಸಿಟ್ಟ ಹಾಗೆ ಇತ್ತು. ಹೊಸನಗರ ಮೂರೂ ಕಡೆಯವರಿಗೆ ನಡುವಿನ ಊರು. ಹಾಗಾಗಿ ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತುವುದು, ಅಲ್ಲಿ ಶನಿವಾರ ಸಂಜೆ ಮತ್ತು ಭಾನುವಾರ ಅಭ್ಯಾಸ, ಭಾನುವಾರ ಸಂಜೆ ವಾಪಸ್ಸು ಎಂದು ಗೊತ್ತಾಯಿತು.

ನಮ್ಮನೆಯವರು ಒಂದು ಇಂಜಿನಿಯರ್ ಕಚೇರಿಯಲ್ಲಿ ಗುಮಾಸ್ತರು, ಸಾಧು ಸ್ವಭಾವ. ‘ಹೋಗು, ಬೇಡ ಅನ್ನಲ್ಲ. ಆದ್ರೆ ರಾತ್ರಿ ಹೊರಗೆ ಉಳಿಯೋದು ಅಂದ್ರೆ ಅಮ್ಮ ಜೊತೇಲಿದ್ರೆ ಒಳ್ಳೇದು’ ಅಂದರು. ಅತ್ತೆಯವರಿಗೆ ಅಡುಗೆಮನೆಯೇ ಲೋಕ. ಸಾಗರಕ್ಕೆ ಹತ್ತಿರವೇ ಇರುವ ಕೆಳದಿಗೆ ಕರೆದರೂ ‘ಒಲೆ ಮೇಲೆ ಹಾಲು ಇದ್ದು’ ಎಂದು ಉಳಿದುಬಿಡುತ್ತಿದ್ದರು. ಅವರದು ತೋಟದ ಕಡೆಯ ಮನೆಮಾತು, ‘ನಾನು’ ಅನ್ನುವಲ್ಲಿ ‘ಆನು’, ‘ಇದೆ’ ಅನ್ನುವಲ್ಲಿ ‘ಇದ್ದು’ ಅನ್ನುತ್ತಾರೆ. ಆ ಮಾತನ್ನು ಕಲಿಯಲು ಹೋಗಿ ಮದುವೆಯಾದ ಹೊಸದರಲ್ಲಿ ಎಲ್ಲರನ್ನೂ ನಗಿಸಿದ ಮೇಲೆ ನಾನು ನನ್ನ ಪೇಟೆ ಮಾತಿನಲ್ಲೇ ಉಳಿದಿದ್ದೆ. ಇವರು ಬರಲಿಕ್ಕಿಲ್ಲ, ನನ್ನ ಕುಣಿತ ಇಲ್ಲಿಗೇ ಮುಗಿಯಿತು ಎಂದು ನಾನು ಅಂದುಕೊಂಡಿರುವಾಗ ಅತ್ತೆ ಸೌಟು ಕೆಳಗಿಟ್ಟು ಕೇಳಿದರು, ‘ಎಂತ ಕುಣಿತನೇ ಅದು? ನಿಂತ್ಕಂಡೋ, ಹಾರ್ಕಂಡೋ?’

‘ಎರಡೂ ಇದೆ ಅತ್ತೆ.’

ಅವರು ಸೌಟನ್ನು ಮತ್ತೆ ಎತ್ತಿಕೊಂಡರು. ‘ಅಡ್ಡಿಲ್ಲೆ. ಆನು ಬತ್ತಿ.’

ಇನ್ನು ಉಳಿದದ್ದು ನನ್ನ ಮೆಚ್ಚಿನ ಪ್ರಶ್ನೆ, ಮಲಗುವುದು ಎಲ್ಲಿ? ಹೊಸನಗರದಲ್ಲಿ ಎರಡು ದಾರಿ ಇತ್ತು. ಒಂದು, ಅಭ್ಯಾಸ ನಡೆಯುವ ಶಾಲೆಯಲ್ಲೇ ಉಳಿಯುವುದು. ಮಕ್ಕಳ ಬೆಂಚುಗಳನ್ನು ಜೋಡಿಸಿ ಅದರ ಮೇಲೆ ಚಾಪೆ, ಸ್ನಾನಕ್ಕೆ ಬಾವಿಯಿಂದ ಸೇದಿದ ನೀರು, ಉಳಿದದ್ದಕ್ಕೆ ಶಾಲೆಯ ಹಿಂದೆ ದೂರದಲ್ಲಿ ಒಂದು ತಗಡಿನ ಗೂಡು. ಇನ್ನೊಂದು, ಗುಡ್ಡದ ಮೇಲಿನ ಟ್ರಾವೆಲರ್ಸ್ ಬಂಗಲೆ. ಅಲ್ಲಿ ಸೊಳ್ಳೆಪರದೆ ಕಟ್ಟಿದ ಮಂಚ, ಬಿಸಿನೀರು, ಕರೆದರೆ ಬರುವ ಆಳು. ಕೋಣೆ ಖಾಲಿ ಇದ್ದಾಗ ಅರ್ಜಿ ಹಾಕಿದರೆ ಕೊಡುತ್ತಿದ್ದರು, ಆ ಅರ್ಜಿ ಹೇಗೆ ಬರೆಯಬೇಕು ಎಂದು ನಮ್ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು. ಆಗ ಆ ಬಂಗಲೆಯನ್ನು ಎಲ್ಲರೂ ಟಿ.ಬಿ. ಅನ್ನುತ್ತಿದ್ದರು. ‘ಅತ್ತೆ, ನಾವಿಬ್ರೂ ಟಿ.ಬಿ.ಗೆ ಹೋಗೋಣ’ ಎಂದು ನಾನು ಉತ್ಸಾಹದಿಂದ ಹೇಳಿದಾಗ ಅವರ ಮುಖ ಬಿಳಿಚಿತು. ಅದು ಕೆಮ್ಮಿನ ರೋಗವಲ್ಲ, ಸರ್ಕಾರದ ಬಂಗಲೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಅವರು ಮಗನಿಂದ ಎರಡು ಸಲ ಖಾತ್ರಿ ಮಾಡಿಕೊಂಡಿದ್ದರು.

ಖಾತ್ರಿಯಾದ ಮೇಲೂ ಒಪ್ಪಲಿಲ್ಲ. ಯಾರ್ಯಾರೋ ಮಲಗಿದ್ದ ಹಾಸಿಗೆ ತನಗೆ ಬೇಡ, ಶಾಲೆ ಅಂದರೆ ಸರಸ್ವತಿ ಇರುವ ಜಾಗ, ನೆಲಕ್ಕೆ ನೀರು ಹಾಕಿ ಒರೆಸಿದರೆ ಮುಗಿಯಿತು ಅಂದರು. ಆಗ ನಾನು ಅವರ ಸೊಂಟವನ್ನು ಹಿಡಿದುಕೊಂಡೆ, ಮಾತಿನಲ್ಲಿ. ಬೆಂಚಿನ ಮೇಲೆ ಮಲಗಿದರೆ ಆ ಸೊಂಟದ ಗತಿಯೇನು, ಬಾವಿಯಲ್ಲಿ ಬಗ್ಗಿ ನೀರು ಸೇದಿದರೆ ಏನಾದೀತು, ಕತ್ತಲಲ್ಲಿ ಆ ತಗಡಿನ ಗೂಡಿನವರೆಗೆ ನಡೆಯುವುದೆಂದರೆ ಸಾಮಾನ್ಯವೇ ಎಂದು ಎಷ್ಟು ಕನಿಕರದಿಂದ ವರ್ಣಿಸಿದೆ ಎಂದರೆ, ಕೊನೆಗೆ ಅತ್ತೆ ನಿಜಕ್ಕೂ ಸೊಂಟಕ್ಕೆ ಕೈಕೊಟ್ಟುಕೊಂಡು ಗೋಡೆಗೆ ಒರಗಿದರು. ನಮ್ಮನೆಯವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಅತ್ತೆಯ ಬಗ್ಗೆ ಇಷ್ಟು ಕಾಳಜಿ ಇರುವ ಸೊಸೆ ಯಾರಿಗುಂಟು?

ಮೊದಲ ಶನಿವಾರ ಅತ್ತೆ ಬಂಗಲೆಗೆ ಬಂದದ್ದು ಯುದ್ಧಕ್ಕೆ ಬಂದ ಹಾಗೆ. ಸೀಮೆಎಣ್ಣೆ ಸ್ಟೋವು, ಎರಡು ಪಾತ್ರೆ, ಅವಲಕ್ಕಿ, ಕುಡಿಯುವ ನೀರಿನ ಕೊಡಪಾನ, ತನ್ನದೇ ಚಾಪೆ. ಹೂವಪ್ಪ ಎಂಬ ವಯಸ್ಸಾದ ಮನುಷ್ಯ ಅಲ್ಲಿನ ಮೇಟಿ, ಅಂದರೆ ಬಂಗಲೆಯ ಅಡುಗೆ, ಕಾವಲು ಎಲ್ಲ ನೋಡಿಕೊಳ್ಳುವವನು. ‘ಅಮ್ಮಾರೇ, ಕಾಫಿ ಮಾಡ್ಲಾ?’ ಎಂದು ಕೇಳಿದ. ಅತ್ತೆ ಬೇಡ ಅಂದರು. ‘ಬಿಸ್ನೀರು ಕಾಯ್ಸೀನಿ’ ಅಂದ. ಅದಕ್ಕೆ ಅತ್ತೆ ತಕ್ಷಣ ಬೇಡ ಅನ್ನಲಿಲ್ಲ. ನಾನು ಅಭ್ಯಾಸಕ್ಕೆ ಹೋಗಿ ಬರುವಷ್ಟರಲ್ಲಿ ಅವರು ಕಾಯಿಸಿದ ನೀರಲ್ಲಿ ಸ್ನಾನ ಮುಗಿಸಿ, ಕೋಣೆಯ ನಿಲುವುಗನ್ನಡಿಯ ಮುಂದೆ ನಿಂತಿದ್ದರು. ನಮ್ಮ ಮನೆಯಲ್ಲಿದ್ದದ್ದು ಅಂಗೈ ಅಗಲದ ಕನ್ನಡಿ, ಕುಂಕುಮ ಇಟ್ಟುಕೊಳ್ಳುವುದಕ್ಕೆ ಮಾತ್ರ. ತಲೆಯಿಂದ ಕಾಲಿನವರೆಗೆ ತನ್ನನ್ನು ತಾನು ಅವರು ನೋಡಿಕೊಂಡದ್ದು ಅದೇ ಮೊದಲಿರಬೇಕು. ಪಕ್ಕಕ್ಕೆ ತಿರುಗಿ ಒಮ್ಮೆ ನೋಡಿದರು. ‘ಎನ್ನ ಬೆನ್ನು ಇಷ್ಟು ಬಗ್ಗಿದ್ದು. ಯಾರೂ ಹೇಳಿದ್ದೇ ಇಲ್ಲೆ’ ಅಂದರು. ವರಾಂಡದಲ್ಲಿ ಉದ್ದ ಕೈಗಳ ಆರಾಮಕುರ್ಚಿಯೊಂದಿತ್ತು. ‘ಸ್ವಲ್ಪ ಕೂತ್ಕೊಳ್ಳಿ ಅತ್ತೆ’ ಅಂದೆ. ಅವರು ಮೊದಲು ತುದಿಯಲ್ಲಿ ಕೂತರು. ಆಮೇಲೆ ನಿಧಾನವಾಗಿ ಹಿಂದಕ್ಕೆ ಒರಗಿದರು. ಆ ಕುರ್ಚಿಯಿಂದ ಅವರು ಮತ್ತೆ ಎದ್ದದ್ದು, ನನ್ನ ಲೆಕ್ಕದಲ್ಲಿ, ಸಮ್ಮೇಳನ ಮುಗಿದ ಮೇಲೆ.

ನಾನೂ ಆ ದಿನ ಸೊಳ್ಳೆಪರದೆಯೊಳಗೆ ರಾಣಿಯಂತೆ ನಿದ್ದೆ ಮಾಡಿ, ಭಾನುವಾರ ಬೆಳಗ್ಗೆ ಹಾಯಾಗಿ ಶಾಲೆಗೆ ಹೋದೆ. ಅಲ್ಲಿ ನೋಡಿದರೆ ಉಳಿದ ಹೆಂಗಸರೆಲ್ಲ ನನಗೆ ಗೊತ್ತಿಲ್ಲದ ಒಂದು ಹೆಜ್ಜೆ ಹಾಕುತ್ತಿದ್ದಾರೆ. ನಾನು ಬಂಗಲೆಗೆ ಹೋದ ಮೇಲೆ ಅವರು ಅಡುಗೆ ಮಾಡುತ್ತ, ಊಟಕ್ಕೆ ಬಡಿಸುತ್ತ, ಕೋಲು ಸಿಗದವರು ಸೌಟು ಹಿಡಿದು ಅಭ್ಯಾಸ ಮಾಡಿದ್ದರು. ನನ್ನ ಜೋಡಿ ಗಿರಿಜಕ್ಕ, ತೀರ್ಥಹಳ್ಳಿಯ ದೊಡ್ಡ ಮೈಯ, ದೊಡ್ಡ ಮನಸ್ಸಿನ ಟೀಚರು. ಅವಳು ಬಲಕ್ಕೆ ತಿರುಗಿದಾಗ ನಾನು ಎಡಕ್ಕೆ ತಿರುಗಿ, ಕೋಲಿಗೆ ಹೊಡೆಯುವ ಬದಲು ಅವಳ ಹೆಬ್ಬೆರಳಿಗೆ ಹೊಡೆದೆ. ಅವಳು ಏನೂ ಅನ್ನಲಿಲ್ಲ, ಬೆರಳನ್ನು ಬಾಯಲ್ಲಿ ಇಟ್ಟುಕೊಂಡಿದ್ದರಿಂದ. ಮುಂದಿನ ವಾರ ಅದೇ ಬೆರಳಿಗೆ ಮತ್ತೆ ಬಿತ್ತು. ನಮಗೆ ಕಲಿಸುತ್ತಿದ್ದ ಸುಲೋಚನಾ ಟೀಚರ್ ಹಾಡು ನಿಲ್ಲಿಸಿ ನನ್ನನ್ನು ಪಕ್ಕಕ್ಕೆ ಕರೆದರು.

‘ವತ್ಸಲಾ, ಬರೋ ವಾರವೂ ಹೀಗೇ ಆದ್ರೆ ನೀವು ಹಾಡೋರ ಜೊತೆ ಕೂತ್ಕೊಳ್ಳಿ.’

‘ನನಗೆ ಹಾಡೋಕೆ ಬರಲ್ಲ ಟೀಚರ್.’

‘ತಾಳ ಹಾಕಿ ಅನ್ನೋಣ ಅಂದ್ರೆ, ತಪ್ತಾ ಇರೋದೇ ತಾಳ’ ಎಂದು ಅವರು ನಿಟ್ಟುಸಿರು ಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಿಟ್ಟುಸಿರನ್ನು ತಡೆದುಕೊಳ್ಳಲಾಗಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಬಿಡಿಸಿದ್ದರು ಸರಿ, ಈ ಸಲ ಹಾಸಿಗೆ ಬಿಡಿಸುತ್ತಿದೆಯಲ್ಲ ಅನ್ನಿಸಿತು.

ಮೂರನೆಯ ಶನಿವಾರ ಬಸ್ಸಿನಲ್ಲೇ ಪೀಠಿಕೆ ಹಾಕಿದೆ. ಶಾಲೆಯ ಗಾಳಿ ಚೆನ್ನಾಗಿದೆ, ಬಾವಿಯ ನೀರು ಸಿಹಿ, ಎಲ್ಲರ ಜೊತೆ ಇದ್ದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ, ಈ ವಾರ ಅಲ್ಲೇ ಇರೋಣವೇ ಅತ್ತೆ?

ಅತ್ತೆ ಕಿಟಕಿಯಾಚೆ ನೋಡುತ್ತಲೇ ಹೇಳಿದರು, ‘ಆನು ಎಲ್ಲಿಗೂ ಬತ್ನಿಲ್ಲೆ. ನೀನೇ ಹೇಳಿದ್ದಲ್ದನೇ, ಬೆಂಚಿನ ಮೇಲೆ ಮಲಗಿದ್ರೆ ಸೊಂಟ ಹೋಗ್ತು ಹೇಳಿ?’

ನಾನೇ ಹೇಳಿದ್ದು. ಅಷ್ಟು ಚೆನ್ನಾಗಿ ಹೇಳಬಾರದಿತ್ತು. ಕೊನೆಗೆ ಹೆಬ್ಬೆರಳಿನ ಕಥೆ, ಸುಲೋಚನಾ ಟೀಚರ ಮಾತು ಎಲ್ಲ ಬಿಚ್ಚಿ ಹೇಳಿದೆ. ಅತ್ತೆ ಕೇಳಿದರು. ‘ಹಂಗಾರೆ ನೀ ಶಾಲೆಗೆ ಹೋಗು. ಅಲ್ಲಿ ಮನೆ ತುಂಬ ಹೆಂಗಸ್ರು, ಕಾಯಲೆ ಆನೊಬ್ಳು ಬೇಕ? ಆನು ಬಂಗಲೇಲಿ ಇರ್ತಿ.’ ನನ್ನನ್ನು ಕಾಯಲೆಂದು ಬಂದವರು ಬಂಗಲೆಯಲ್ಲಿ, ಬಂಗಲೆ ಬೇಕೆಂದು ಹಟ ಹಿಡಿದವಳು ಶಾಲೆಯಲ್ಲಿ ಎಂದು ಏರ್ಪಾಡಾಯಿತು. ನಮ್ಮನೆಯವರಿಗೆ ಇದನ್ನು ಹೇಳಬೇಕೇ ಎಂಬ ಮಾತು ಇಬ್ಬರಲ್ಲಿ ಯಾರೂ ಎತ್ತಲಿಲ್ಲ.

ಶಾಲೆಯ ವಾಸದ ಬಗ್ಗೆ ಸುಳ್ಳು ಹೇಳಲಾರೆ. ಎರಡು ಬೆಂಚುಗಳ ನಡುವೆ ಎಷ್ಟು ಒತ್ತಿ ಜೋಡಿಸಿದರೂ ಒಂದು ಸಂದು ಉಳಿಯುತ್ತದೆ, ಮನುಷ್ಯರ ಬೆನ್ನುಮೂಳೆ ಸರಿಯಾಗಿ ಅದರೊಳಗೆ ಇಳಿಯುತ್ತದೆ. ಒಂದು ಕಡೆ ಮಗ್ಗುಲಾದರೆ ಯಾವನೋ ಕಿಡಿಗೇಡಿ ಕೊರೆದ ಹೆಸರು ಪಕ್ಕೆಗೆ ಒತ್ತುತ್ತದೆ. ಆದರೆ ಗಿರಿಜಕ್ಕ ಬಾವಿಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿಕೊಂಡು, ಬಟ್ಟೆ ಸುತ್ತಿಕೊಂಡ ಬೆರಳಿನಿಂದಲೇ ತಾಳ ಹಾಕಿ ತಿದ್ದಿದಳು. ತರಕಾರಿ ಹೆಚ್ಚುವಾಗ ಹೆಜ್ಜೆ, ಅನ್ನ ಬಸಿಯುವಾಗ ಹೆಜ್ಜೆ. ಭಾನುವಾರ ಬೆಳಗ್ಗೆ ಇಡೀ ಸುತ್ತು ತಪ್ಪದೆ ಮುಗಿಸಿದಾಗ ಸುಲೋಚನಾ ಟೀಚರ್ ಮುಂದಿನ ಹೆಜ್ಜೆ ತೋರಿಸಿದರು. ನನಗೆ ಅಷ್ಟು ಸಾಕಾಗಿತ್ತು.

ಅದೇ ಖುಷಿಯಲ್ಲಿ ಮಧ್ಯಾಹ್ನ ಅತ್ತೆಯನ್ನು ನೋಡಲು ಕೋಲು ತಿರುಗಿಸುತ್ತ ಗುಡ್ಡ ಹತ್ತಿದೆ. ಬಂಗಲೆಯ ಮೆಟ್ಟಿಲಿನ ಬಳಿ ನಮ್ಮನೆಯವರ ಚಪ್ಪಲಿ. ತಿರುಗಿಸುತ್ತಿದ್ದ ಕೋಲನ್ನು ಸೆರಗಿನೊಳಗೆ ಅಡಗಿಸಿಕೊಂಡೆ. ಭಾನುವಾರವಾದರೂ ಕಚೇರಿಯ ಕೆಲಸದ ಮೇಲೆ ಈ ಕಡೆ ಬಂದ ಜೀಪಿನಲ್ಲಿ ಅವರೂ ಬಂದಿಳಿದಿದ್ದರು. ಆರಾಮಕುರ್ಚಿಯನ್ನು ಅತ್ತೆ ಅಷ್ಟರಲ್ಲಿ ಕೋಣೆಯೊಳಗೇ ಹಾಕಿಸಿಕೊಂಡಿದ್ದರು. ಬಾಗಿಲಿಗೆ ಅರ್ಧ ಪರದೆ ಇತ್ತು. ನಾನು ಹೊರಗೇ ನಿಂತೆ.

‘ವತ್ಸಲ ಎಲ್ಲಿದ್ದು?’ ಎಂದು ಇವರು ತಾಯಿಯನ್ನು ಕೇಳುತ್ತಿದ್ದರು.

‘ಶಾಲೇಲಿ ಇದ್ದು. ರಾತ್ರಿಯೂ ಅಲ್ಲೇ.’

‘ಹಂಗಾರೆ ನೀ ಇಲ್ಲಿ ಎಂತ ಮಾಡ್ತಾ ಇದ್ದೆ?’

‘ಸುಮ್ನೆ ಕೂತಿದ್ದಿ’ ಅಂದರು ಅತ್ತೆ. ಅವರ ಮಾತಿನಲ್ಲಿ ಅದಕ್ಕೆ ‘ಕೂತಿದ್ದೇನೆ’ ಎಂದು ಅರ್ಥ. ಜೊತೆಗೆ ಸೇರಿಸಿದರು, ‘ಮದ್ವೆ ಆದಾಗಿಂದ ಇದೊಂದು ಕೆಲಸ ಬಾಕಿ ಇತ್ತು.’

ನಾನು ಪರದೆ ಸರಿಸಿದೆ. ನಮ್ಮನೆಯವರು ನನ್ನ ಕಡೆ ನೋಡಲಿಲ್ಲ, ಕುರ್ಚಿಯ ಕೈಯ ಮೇಲೆ ಕಾಲು ಚಾಚಿ ಕೂತ ತಾಯಿಯನ್ನೇ ನೋಡುತ್ತಿದ್ದರು. ಅವರು ಹಾಗೆ ಕೂತದ್ದನ್ನು ಇವರು ಹುಟ್ಟಿದ ಮೇಲೆ ಕಂಡೇ ಇರಲಿಲ್ಲವೇನೋ. ಆಮೇಲೆ ಹೂವಪ್ಪನನ್ನು ಅತ್ತೆಯೇ ಕರೆದು, ‘ಮೂರು ಕಾಫಿ’ ಅಂದರು. ಕೊಡಪಾನ, ಸ್ಟೋವು ಎರಡೂ ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದವು. ಕಾಫಿ ಕುಡಿದು ಮುಗಿಸಿ ಇವರು ಅಂದದ್ದು ಒಂದೇ ಮಾತು: ‘ಮುಂದಿನ ವಾರಕ್ಕೂ ಅರ್ಜಿ ಹಾಕ್ತೀನಿ.’

ತೀರ್ಥಹಳ್ಳಿಯಲ್ಲಿ ನಮ್ಮ ನೃತ್ಯ ಚೆನ್ನಾಗಿಯೇ ಆಯಿತು. ಕೊನೆಯ ಸುತ್ತಿನಲ್ಲಿ ನನ್ನ ಕೋಲೊಂದು ಕೈಜಾರಿ ಹಾರಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಗಣ್ಯರ ಕಾಲಬುಡದಲ್ಲಿ ಬಿತ್ತು. ಅವರು ಅದನ್ನು ಕಾಣಿಕೆ ಎಂದು ತಿಳಿದು ಎತ್ತಿಕೊಂಡು ಕೈಮುಗಿದರು, ಜನ ಚಪ್ಪಾಳೆ ತಟ್ಟಿದರು. ಗಿರಿಜಕ್ಕನ ಹೆಬ್ಬೆರಳು ಮಾತ್ರ ಕ್ಷೇಮವಾಗಿತ್ತು. ಅಲ್ಲಿನ ಬಂಗಲೆಯಿಂದ ಮಗನ ಜೊತೆ ಬಂದಿದ್ದ ಅತ್ತೆಯನ್ನು ‘ಹೇಗಿತ್ತು?’ ಎಂದು ಕೇಳಿದೆ. ‘ಹೊಸನಗರದ್ದೇ ಚೊಲೋ. ಇಲ್ಲಿಯ ಕುರ್ಚಿ ಗಿಡ್ಡ’ ಅಂದರು.

ಆಮೇಲೆ ನನ್ನ ಬದುಕಿನಲ್ಲಿ ಆದ ಬದಲಾವಣೆಗೆ ನಾನು ಹೊಣೆಯಲ್ಲ. ಮಳೆಗಾಲ ಕಳೆದು ಶಾಲೆಗೆ ಯಾವ ಸುತ್ತೋಲೆ ಬಂದರೂ ಅತ್ತೆ ಕೇಳುತ್ತಿದ್ದರು, ‘ಈ ವರ್ಷ ಕುಣಿತ ಇಲ್ಯನೇ?’ ಇಲ್ಲ ಅಂದರೆ ಎರಡು ದಿನ ಮುಖ ಸಣ್ಣದು. ಹಾಗಾಗಿ ಲೇಜಿಮ್ ಬಂದರೆ ಲೇಜಿಮ್, ಸುಗ್ಗಿ ಕುಣಿತ ಬಂದರೆ ಸುಗ್ಗಿ ಕುಣಿತ, ಎಲ್ಲದಕ್ಕೂ ಕೈ ಎತ್ತಿದೆ. ಅತ್ತೆಯ ಸೊಂಟ ಸರಿಹೋಯಿತು. ನನ್ನದು ಹೋಯಿತು. ಸಾಗರದಲ್ಲಿ ನನಗೊಂದು ಸನ್ಮಾನ ನಡೆದಾಗ ಮಾತಾಡಿದವರೊಬ್ಬರು, ಆ ಕಾಲದಲ್ಲೇ ಸೊಸೆಯನ್ನು ಕಲೆಗಾಗಿ ಹುರಿದುಂಬಿಸಿ ಊರೂರಿಗೆ ಕರೆದುಕೊಂಡು ಹೋದ ವಿಶಾಲ ಹೃದಯದ ತಾಯಿ ಎಂದು ಅತ್ತೆಯನ್ನು ವೇದಿಕೆಗೆ ಕರೆದು ಹಾರ ಹಾಕಿದರು. ಅತ್ತೆ ಗಂಭೀರವಾಗಿ ಹಾರ ಹಾಕಿಸಿಕೊಂಡು, ಕೂರುವ ಮುಂಚೆ ಕುರ್ಚಿಯನ್ನು ಒಮ್ಮೆ ಒತ್ತಿ ನೋಡಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು, ಏಕೆಂದರೆ ಆ ಮಾತಿನಲ್ಲಿ ಸುಳ್ಳು ಎಂಬುದು ಎಳ್ಳಷ್ಟೂ ಇರಲಿಲ್ಲ. ಈಗಲೂ ನಮ್ಮ ಕಡೆಯ ಯಾವ ಶಾಲೆಯ ಬೆಂಚು ಎಷ್ಟು ಅಗಲ ಎಂದು ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ. ಬಂಗಲೆಗಳ ಹಾಸಿಗೆ ಹೇಗಿದ್ದವು ಎಂಬುದನ್ನು ಮಾತ್ರ ನೀವು ಅತ್ತೆಯವರನ್ನೇ ಕೇಳಬೇಕಿತ್ತು.